450 ಪುಟದ ಮಾಯಾಲೋಕ ಫೋನಿನೊಳಗೆ ಹೋದ ಬಗೆ

ಕನ್ನಡದಲ್ಲಿ ಫ್ಯಾಂಟಸಿ ಬರೆದರೆ ಪ್ರಕಾಶಕರು ಬೈಯುವುದಿಲ್ಲ. ಬೈದಿದ್ದರೆ ಜಗಳ ಆಡಿಯಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಬಹಳ ಮರ್ಯಾದೆಯಿಂದ "ಕಲ್ಪನೆ ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ ಎಷ್ಟು ಪುಟ ಎಂದು ಕೇಳುತ್ತಾರೆ. 450 ಅಂದ ಕೂಡಲೇ ಆ ಕಡೆಯ ದನಿ ಬದಲಾಗುತ್ತದೆ. "ಮೂರು ಸಂಪುಟಗಳಲ್ಲಿ ಇದು ಮೊದಲನೆಯದು" ಅಂದರೆ ಮಾತು ಅಲ್ಲಿಗೇ ಮುಗಿಯಿತು.

ನನ್ನ ಕಥೆ ನಡೆಯುವುದು ಮಳೆಯನ್ನು ಸಾಲವಾಗಿ ತರುವ ಒಂದು ನಾಡಿನಲ್ಲಿ. ಅಲ್ಲಿ 27 ನಕ್ಷತ್ರಗಳು ಅಂದರೆ ಸಾಲ ಕೊಡುವ 27 ಮನೆತನಗಳು. ಅಶ್ವಿನಿ, ಭರಣಿಯವರು ಕೈಬಿಗಿ ಹಿಡಿದವರು. ಆರಿದ್ರೆಯವರು ಕೊಡಲು ಶುರು ಮಾಡಿದರೆ ನಿಲ್ಲಿಸುವವರಲ್ಲ. ಪ್ರತಿ ಮಳೆಗೂ ಲೆಕ್ಕ ಬರೆಯುವ ಮಳೆ ಶಾನುಭೋಗರಿದ್ದಾರೆ. ಅವರಲ್ಲಿ ಒಬ್ಬನ ಮಗಳು ಅಂಬೆ. ಅಪ್ಪನ ಹಳೇ ಕಡತದಲ್ಲಿ ಯಾರೂ ತೀರಿಸದ ಒಂದು ಸಾಲ ಅವಳ ಕಣ್ಣಿಗೆ ಬೀಳುತ್ತದೆ. ಕಥೆ ಅಲ್ಲಿಂದ. ನಾನು ಹಗಲು ಹೊತ್ತು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವನು. ರಾಕ್ಷಸರಿಗಿಂತ ಬಡ್ಡಿಯೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ ಎಂದು ನನಗೆ ಯಾವತ್ತೂ ಅನಿಸಿದೆ.

ತಿರಸ್ಕಾರಗಳಲ್ಲಿ ಬಗೆಬಗೆಯವು ಬಂದವು. ಒಬ್ಬರು ಇದನ್ನು 80 ಪುಟಕ್ಕೆ ಇಳಿಸಿ ಮಕ್ಕಳ ಪುಸ್ತಕ ಮಾಡೋಣ, ಚಿತ್ರ ಹಾಕಿಸೋಣ ಅಂದರು. ಸಾಲ ತೀರಿಸಲಾಗದ ರಾಜ ತನ್ನ ಊರನ್ನೇ ಮುಳುಗಿಸುವ ಕಥೆಗೆ ಬಣ್ಣದ ಚಿತ್ರ! ಇನ್ನೊಬ್ಬರು "ಮೊದಲು ಒಂದು ಸಾಮಾಜಿಕ ಕಾದಂಬರಿ ಬರೆಯಿರಿ, ಹೆಸರು ಆಗಲಿ, ಆಮೇಲೆ ಇದು" ಎಂದು ಬುದ್ಧಿ ಹೇಳಿದರು. ಮತ್ತೊಬ್ಬರಿಗೆ ಕಥೆ ಓದುವ ಗೋಜೇ ಇರಲಿಲ್ಲ. ಮುದ್ರಣದ ಖರ್ಚು ನಾನು ಹಾಕಬೇಕು, ಪ್ರತಿಗಳನ್ನೂ ನಾನೇ ಕೊಳ್ಳಬೇಕು. ಹಾಗಾದರೆ ಪ್ರಕಾಶಕರು ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ ಸಿಟ್ಟಾದರು. ಉತ್ತರವನ್ನೇ ಬರೆಯದವರು ಎಲ್ಲರಿಗಿಂತ ಜಾಸ್ತಿ.

ಒಬ್ಬ ಹಿರಿಯ ಪ್ರಕಾಶಕರು ಮಾತ್ರ ನನ್ನನ್ನು ಕೂರಿಸಿ, ಕಾಫಿ ತರಿಸಿ, ಕ್ಯಾಲ್ಕುಲೇಟರ್ ತೆಗೆದರು. ಈಗ ಕನ್ನಡ ಪುಸ್ತಕಕ್ಕೆ ಪುಟಕ್ಕೆ ಒಂದು ರೂಪಾಯಿಗೂ ಮೇಲೆ ಬೆಲೆ ಇಡಬೇಕಾಗುತ್ತದೆ. ಹಾಗೆ ನೋಡಿದರೆ ನನ್ನ ಪುಸ್ತಕ 500 ರೂಪಾಯಿ. ಅಂಗಡಿಯವರಿಗೆ ಶೇ 30ರಿಂದ 40 ಬಿಡಬೇಕು. ಲೇಖಕನಿಗೆ ಶೇ 10. ಒಂದು ಕಾಲಕ್ಕೆ 1000 ಪ್ರತಿ ಹಾಕುತ್ತಿದ್ದರು, ಈಗ ಹೊಸಬರಿಗೆ 500 ಹಾಕಿದರೆ ಧೈರ್ಯ, 300 ಹಾಕುವವರೂ ಇದ್ದಾರೆ. ಪ್ರತಿ ಕಡಿಮೆಯಾದಷ್ಟೂ ಒಂದೊಂದರ ಖರ್ಚು ಏರುತ್ತದೆ. ದಪ್ಪ ಪುಸ್ತಕಕ್ಕೆ ಬೈಂಡಿಂಗ್ ಗಟ್ಟಿ ಇರಬೇಕು, ಅದಕ್ಕೆ ಬೇರೆ ದುಡ್ಡು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಟಕ್ಕೆ ಇಷ್ಟು ಎಂದು ದರ ಕಟ್ಟುತ್ತಾರೆ, ಆದರೆ ಅದಕ್ಕೆ ಮೊದಲು ಪುಸ್ತಕ ಆಯ್ಕೆಯಾಗಬೇಕು.

"ನಿಮ್ಮ ಒಂದು ಸಂಪುಟದ ದುಡ್ಡಲ್ಲಿ ನಾನು ಮೂರು ಕವನ ಸಂಕಲನ ತರಬಹುದು" ಅಂದರು. "ಅವೂ ಮಾರಾಟ ಆಗಲ್ಲ ಅನ್ನಿ. ಆದ್ರೆ ಗೋಡೌನಲ್ಲಿ ಕಡಿಮೆ ಜಾಗ ಹಿಡೀತವೆ."

ಅವರ ಮನೆಯಿಂದ ಹೊರಬೀಳುವಾಗ ಮನಸ್ಸು ಹಗುರವಾಗಿತ್ತು. ಲೆಕ್ಕದವನಿಗೆ ಲೆಕ್ಕದಲ್ಲಿ ಹೇಳಿದರೆ ಅರ್ಥವಾಗುತ್ತದೆ. ಬೇಡವಾಗಿದ್ದದ್ದು ನನ್ನ ಪುಸ್ತಕದ ತೂಕ. ಕಥೆಯ ತಂಟೆಗೆ ಯಾರೂ ಅಷ್ಟಾಗಿ ಹೋಗಿರಲೇ ಇಲ್ಲ.

ಈ ಜಾತಿಯ ಕಥೆಗೆ ದಪ್ಪ ಬೇಕೇ ಬೇಕು. ಸಾಮಾಜಿಕ ಕಾದಂಬರಿಯಲ್ಲಿ "ಅವನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ" ಅಂದರೆ ಸಾಕು. ಗದ್ದಲ, ವಾಸನೆ, ಕಡಲೆಕಾಯಿ ಮಾರುವವನು ಎಲ್ಲವನ್ನೂ ಓದುಗ ತಾನೇ ತಂದುಕೊಳ್ಳುತ್ತಾನೆ. "ಅವಳು ಮಳೆ ಕಟ್ಟೆಯ ಮೇಲೆ ನಿಂತಿದ್ದಳು" ಅಂದರೆ? ಆ ಕಟ್ಟೆ ಯಾರದ್ದು, ಅಲ್ಲಿ ಹೆಂಗಸರು ನಿಲ್ಲಬಹುದಾ, ಸಾಲಪತ್ರ ಯಾವ ಎಲೆಯ ಮೇಲೆ ಬರೆಯುತ್ತಾರೆ, ಎಲ್ಲ ಹೇಳಬೇಕು. ಆ ವಿವರದಲ್ಲೇ ಮಜಾ ಇರುವುದು. ಅದನ್ನು ಕತ್ತರಿಸಿ ಅಂದರೆ ಉಳಿಯುವುದು ಒಂದು ನೀತಿಕಥೆ. ಇನ್ನು ರುಚಿಯ ಮಾತು. ಚಂದಮಾಮ ಓದಿ ಬೆಳೆದವರು, ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂರುವವರು ನಮ್ಮಲ್ಲಿ ಎಷ್ಟಿಲ್ಲ? ಶಾಪ, ಮಾಯೆ, ರಾಕ್ಷಸ ನಮ್ಮ ಜನಕ್ಕೆ ಹೊಸದು ಎಂದು ಯಾರಾದರೂ ಅಂದರೆ ನಾನು ನಂಬುವುದಿಲ್ಲ.

ಹೀಗೆ ಸೋತು ಕೂತವನಿಗೆ ಸ್ನೇಹಿತರು ಹೇಳುವ ಕಥೆಗಳು ಎರಡು. ಒಂದು, ಪುರಾಣದ ಫ್ಯಾಂಟಸಿ ಬರೆಯುವ ಅಮೀಶ್ ತ್ರಿಪಾಠಿಯವರದು. ಪ್ರಕಾಶಕರು ಮೇಲಿಂದ ಮೇಲೆ ಬೇಡ ಅಂದ ಮೇಲೆ 2010ರಲ್ಲಿ ಸ್ವಂತ ಬಲದಿಂದ ಪುಸ್ತಕ ತಂದರು, ಮುಂದೆ ಅದು ಲಕ್ಷಗಟ್ಟಲೆ ಮಾರಿತು. ಇನ್ನೊಂದು, ಅಮೆರಿಕದ ಮಿನ್ನೆಸೋಟಾದ ಅಮಾಂಡಾ ಹಾಕಿಂಗ್ ಅವರದು. ಅವರೂ ತಿರಸ್ಕಾರ ಉಂಡವರೇ. 2010ರಲ್ಲಿ ತಮ್ಮ ಮಾಯಾಲೋಕದ ಕಾದಂಬರಿಗಳನ್ನು ಇ-ಪುಸ್ತಕವಾಗಿ ತಾವೇ ಏರಿಸಿ ಲಕ್ಷಗಟ್ಟಲೆ ಮಾರಿದರು. ಮರುವರ್ಷ ದೊಡ್ಡ ಪ್ರಕಾಶನ ಸಂಸ್ಥೆಯೇ ಹುಡುಕಿಕೊಂಡು ಬಂತು. ಕೇಳಲು ಚೆನ್ನಾಗಿದೆ. ಆದರೆ ಅವರಿಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ. ಹಾಕಿಂಗ್ ಫೈಲ್ ಏರಿಸಿದ, ಅಮೆಜಾನಿನ ಕಿಂಡಲ್ ಎಂಬ ಇ-ಪುಸ್ತಕದ ಅಂಗಡಿಯ ಬಾಗಿಲು ನನಗೆ ಆಗ ತೆರೆದೇ ಇರಲಿಲ್ಲ. ಕಿಂಡಲ್‌ನವರು 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳನ್ನು ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ನಾನು ಪುಸ್ತಕ ಏರಿಸಲು ಹೊರಟಾಗಲೂ ಆ ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲ.

ನನಗೆ ಸಿಕ್ಕಿದ ದಾರಿಗಳು ಬೇರೆ. ಪ್ರತಿಲಿಪಿ ಇತ್ತು. 2014ರಲ್ಲಿ ಶುರುವಾದ ಬೆಂಗಳೂರಿನ ಸಂಸ್ಥೆ, ಯಾರು ಬೇಕಾದರೂ ಕಂತು ಕಂತಾಗಿ ಕಥೆ ಹಾಕಬಹುದು. ಮೊದಲ ಕೆಲವು ಅಧ್ಯಾಯಗಳನ್ನು ಅಲ್ಲಿ ಹಾಕಿ ನೋಡಿದೆ. "ಅಂಬೆಯ ಅಪ್ಪ ಸತ್ತಿಲ್ಲ ಅಲ್ವಾ?" ಎಂದು ಒಬ್ಬರು ಕೇಳಿದರು. ಸತ್ತಿರಲಿಲ್ಲ. ಅದು ಎರಡನೆಯ ಸಂಪುಟದ ಗುಟ್ಟು! ಇಷ್ಟು ಚುರುಕಾಗಿ ಓದುವವರು ಇದ್ದಾರಲ್ಲ ಎಂದು ಖುಷಿಯಾಯಿತು, ಗುಟ್ಟು ಇಷ್ಟು ಬೇಗ ಒಡೆಯಿತಲ್ಲ ಎಂದು ಎದೆಯೂ ಒಡೆಯಿತು. ಪೂರ್ತಿ ಕಾದಂಬರಿಯನ್ನು ಪುಸ್ತಕವಾಗಿ ಮಾರಲು ಗೂಗಲ್ ಪ್ಲೇ ಬುಕ್ಸ್ ಆರಿಸಿಕೊಂಡೆ. ಆಮೇಲೆ ಕನ್ನಡದ್ದೇ ಇ-ಪುಸ್ತಕದ ಆ್ಯಪ್ ಆದ ಮೈಲ್ಯಾಂಗ್‌ಗೂ ಕೊಟ್ಟೆ.

ಇಲ್ಲಿಯವರೆಗಿನದ್ದು ಸುಲಭದ ಭಾಗ.

ನನ್ನ ಹಸ್ತಪ್ರತಿ ಇದ್ದದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಹಳೇ ಆಸ್ಕಿ ಅಕ್ಷರ. ಕನ್ನಡದ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು ವರ್ಷಾನುಗಟ್ಟಲೆ ನಡೆದದ್ದೇ ಅದರ ಮೇಲೆ, ಹಾಗಾಗಿ ನಾನೂ ಅದರಲ್ಲೇ ಟೈಪ್ ಮಾಡಿದ್ದೆ. ಆಸ್ಕಿಯಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಮೇಲೆ ಕನ್ನಡದ ಆಕಾರ ಹೊದಿಸಿರುತ್ತದೆ ಅಷ್ಟೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಬರೀ ಗೋಜಲು. ಇ-ಪುಸ್ತಕಕ್ಕೆ ಯಾವ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬೇಕೇ ಬೇಕು. ಬದಲಾಯಿಸಿ ಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒಂದು ಗುಂಡಿ ಒತ್ತಿದರೆ 450 ಪುಟ ಬದಲಾಗುತ್ತದೆ. ನೂರಕ್ಕೆ ತೊಂಬತ್ತೆಂಟು ಸರಿ. ಉಳಿದ ಎರಡು ಭಾಗ ಒಂದು ಮಳೆಗಾಲವನ್ನೇ ತಿಂದಿತು.

ಉದಾಹರಣೆಗೆ ಅರ್ಕಾವತ್ತು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಸಾದಾ ಪದಗಳಲ್ಲಿ ಪರಿವರ್ತಕ ಅದನ್ನು ಸರಿಯಾಗಿ ಹಿಂದಕ್ಕೆ ತರುತ್ತದೆ. ಅರ್ಕಾವತ್ತಿನ ಜೊತೆ ಒತ್ತಕ್ಷರವೂ ದೀರ್ಘವೂ ಸೇರಿದರೆ ಎಡವುತ್ತದೆ, ಮಧ್ಯದಲ್ಲಿ ಚುಕ್ಕೆಗಳ ಒಂದು ವೃತ್ತ ಮೂಡುತ್ತದೆ. ಅದು ಕಣ್ಣಿಗೆ ಕಾಣುವ ತಪ್ಪು, ಹಿಡಿಯಬಹುದು. ಕಾಣದ ತಪ್ಪುಗಳು ಬೇರೆ ಇವೆ. ಹಳೇ ಟೈಪಿಂಗ್ ಅಭ್ಯಾಸದಲ್ಲಿ ಅನುಸ್ವಾರದ ಸೊನ್ನೆಯ ಬದಲು ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತಿರುತ್ತೇವೆ. "ಕಂಡ" ಮತ್ತು "ಕ೦ಡ", ಈ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಅರ್ಕಾವತ್ತಿನ ಬದಲು ಒಂಬತ್ತು ಒತ್ತಿ "ಸೂಯ೯" ಅಂತ ಬರೆದದ್ದೂ ಸಿಕ್ಕಿತು, ಅದು ನಾನು ಒಂದು ಅಧ್ಯಾಯ ಟೈಪ್ ಮಾಡಲು ಕೊಟ್ಟಿದ್ದ ಅಂಗಡಿಯವರ ಕೈಚಳಕ. ಕಾಗದದ ಮೇಲೆ ಅಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹಾಗಲ್ಲ. ಹುಡುಕಿದರೆ ಪದ ಸಿಗುವುದಿಲ್ಲ.

ಇದನ್ನು ಹಿಡಿಯಲು ನನಗೆ ನೆರವಾದದ್ದು ಕಿವಿ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದಿ ಹೇಳುವ ದನಿ ಇದೆ. ಕರಡು ತಿದ್ದಲು ಕಣ್ಣು ಸೋತಾಗ ಪೂರ್ತಿ ಪುಸ್ತಕವನ್ನು ಅದರಿಂದ ಓದಿಸಿ ಕೇಳಿದೆ. ಆ ದನಿಗೆ ಭಾವ ಇಲ್ಲ, ಆದರೆ ದಾಕ್ಷಿಣ್ಯವೂ ಇಲ್ಲ. ನನ್ನ ನಾಯಕಿಯ ಹೆಸರು ಒಂದು ಕಡೆ ಬಂದಾಗ ಅದು "ಅ, ಸೊನ್ನೆ, ಬೆ" ಎಂದು ಗಂಭೀರವಾಗಿ ಹೇಳಿತು. ರಾಜನ ಮುಂದೆ ಅಂಬೆ ತೊಡೆ ತಟ್ಟಿ ನಿಲ್ಲುವ ಸನ್ನಿವೇಶ ಅದು. ನಾನು ಅಡುಗೆಮನೆಯಲ್ಲಿ ಒಬ್ಬನೇ ನಕ್ಕೆ. ಕಣ್ಣು ಕಾಣದ ಎಷ್ಟೋ ಜನ ಫೋನಿನಿಂದ ಹೀಗೆ ಓದಿಸಿಕೊಂಡೇ ಪುಸ್ತಕ ಕೇಳುತ್ತಾರೆ ಎಂಬುದು ಆಗ ತಲೆಗೆ ಬಂತು. ಅವರಿಗೆ ಈ ಸೊನ್ನೆಗಳು ನಗು ತರಿಸುವುದಿಲ್ಲ. ಫೈಲಿನ ಒಂದೊಂದು ಅಂಕಿ ಸೊನ್ನೆಯನ್ನೂ ಹುಡುಕಿ ತೆಗೆದೆ.

ಇನ್ನೊಂದು ಕಾಟ ಹೆಸರುಗಳದ್ದು. ಹೊಸ ಲೋಕ ಕಟ್ಟುವವನಿಗೆ ಹೊಸ ಹೆಸರು ಬೇಕು. ನನ್ನ ಕಥೆಯ ಒಂದು ಕೋಟೆಯ ಹೆಸರು ಆಲ್‌ಗೇರಿ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕದಿದ್ದರೆ ಅದು "ಆಲ್ಗೇರಿ" ಆಗುತ್ತದೆ. ಕೆಲವು ಕಡೆ ಗುರುತು ಇತ್ತು, ಕೆಲವು ಕಡೆ ಇರಲಿಲ್ಲ. ಓದುವವರು ಎರಡು ಕೋಟೆ ಅಂದುಕೊಂಡರೆ? ಫ್ಯಾಂಟಸಿ ಓದುಗರು ಅಂಥದ್ದನ್ನು ಬಿಡುವವರಲ್ಲ, ಒಂದಕ್ಷರ ಬದಲಾದರೂ ಅದರಲ್ಲಿ ಏನೋ ಸಂಚು ಇದೆ ಅಂತ ಹುಡುಕುತ್ತಾರೆ.

ಅಕ್ಷರ ಸರಿಹೋದ ಮೇಲೆ ಪುಸ್ತಕದ ಆಕಾರ. ಪಿಡಿಎಫ್ ಮಾಡಿ ಹಾಕಿಬಿಡಿ ಎಂದು ಬಹಳ ಜನ ಹೇಳಿದರು. ಪಿಡಿಎಫ್ ಅಂದರೆ ಕಾಗದದ ಫೋಟೋ ಇದ್ದ ಹಾಗೆ, ಫೋನಿನಲ್ಲಿ ಎಡಕ್ಕೂ ಬಲಕ್ಕೂ ಎಳೆದಾಡುತ್ತಾ ಓದಬೇಕು. ಇ-ಪಬ್ ಎಂಬ ಇ-ಪುಸ್ತಕದ ಫೈಲ್ ಆದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲುಗಳು ತಾವೇ ಮುರಿದು ಜೋಡಿಸಿಕೊಳ್ಳುತ್ತವೆ. ಸಿಜಿಲ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡು ಕೂತೆ. ಇ-ಪಬ್ ಅಂದರೆ ಒಳಗೆ ವೆಬ್ ಪುಟಗಳ ಒಂದು ಗಂಟು, ಅಷ್ಟೆ. ಅಧ್ಯಾಯಕ್ಕೊಂದು ಫೈಲು. ಭಾಷೆ ಕನ್ನಡ ಎಂದು ಒಳಗೆ ಬರೆದು ಹೇಳಬೇಕು. ನೋಟೋ ಸೆರಿಫ್ ಕನ್ನಡ ಫಾಂಟನ್ನು ಒಳಗೇ ಸೇರಿಸಿದೆ. ಅದು ಮುಕ್ತ ಪರವಾನಗಿಯದು, ಯಾರನ್ನೂ ಕೇಳಬೇಕಾಗಿಲ್ಲ.

ಕನ್ನಡಕ್ಕೆ ಮಾತ್ರ ಬೇಕಾದ ಕೆಲವು ತಿದ್ದುಪಡಿಗಳಿವೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ "ರಾಷ್ಟ್ರ" ಎಂಬ ಪದದ ಕೆಳಗಿನ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತವೆ. ಎರಡೂ ಅಂಚು ಸಮ ಮಾಡಲು ಹೋಗಬಾರದು. ನಮ್ಮ ಪದಗಳು ಉದ್ದ. "ಬರಬೇಕಾಗಿತ್ತೇನೋ" ಎಂಬ ಒಂದೇ ಪದ ಫೋನಿನ ಅರ್ಧ ಸಾಲು ತಿನ್ನುತ್ತದೆ. ಸಮ ಮಾಡಿದರೆ ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಬಿಟ್ಟರೆ ಚಂದ. ನನ್ನ ಭೂಪಟವಂತೂ ಫೋನಿನಲ್ಲಿ ಅಂಚೆ ಚೀಟಿಯಷ್ಟಾಯಿತು. ಅದನ್ನು ನಾಲ್ಕು ಸೀಮೆಗಳಾಗಿ ಕತ್ತರಿಸಿ, ಕಥೆ ಯಾವ ಸೀಮೆಗೆ ಹೋಗುತ್ತದೋ ಆ ಅಧ್ಯಾಯದ ಮೊದಲು ಆ ತುಂಡು ಇಟ್ಟೆ. ಪುಸ್ತಕದ ಕೊನೆಯಲ್ಲಿ ಸಾಮಾನ್ಯವಾಗಿ ಕೊಡುವ ಪದಕೋಶವನ್ನು ಕೊಂಡಿಯಾಗಿ ಮಾಡಿದೆ. ಪದ ಮುಟ್ಟಿದರೆ ಅರ್ಥಕ್ಕೆ ಹೋಗುತ್ತದೆ, ಮತ್ತೆ ಮುಟ್ಟಿದರೆ ಇದ್ದಲ್ಲಿಗೆ ವಾಪಸ್. ಕಾಗದದಲ್ಲಿ ಇದು ಆಗುತ್ತಿರಲಿಲ್ಲ. ಕೊನೆಗೆ ಇ-ಪಬ್ ಚೆಕ್ ಎಂಬ ಪರೀಕ್ಷಕದಲ್ಲಿ ಹಾಕಿದರೆ ಮೊದಲ ಸಲ ಪರದೆ ತುಂಬಾ ಕೆಂಪು. ಒಂದೊಂದಾಗಿ ತಿದ್ದಿದೆ. ಬೇಜಾರಿನ ಕೆಲಸ, ಅದರ ಬಗ್ಗೆ ಬರೆಯುವುದೂ ಬೇಜಾರು.

ಸಂಪಾದಕರ ವಿಷಯಕ್ಕೆ ಬರುತ್ತೇನೆ. ಸ್ವಂತ ಪ್ರಕಟಣೆ ಅಂದ ಕೂಡಲೇ ಜನ ಉಳಿಸಲು ನೋಡುವುದು ಇಲ್ಲೇ. ನಾನು ನಿವೃತ್ತ ಕನ್ನಡ ಮೇಷ್ಟ್ರೊಬ್ಬರನ್ನು ಹಿಡಿದೆ, ದುಡ್ಡು ಕೊಟ್ಟೇ. ಅವರು ಫ್ಯಾಂಟಸಿ ಓದಿದವರಲ್ಲ, ಬೇಕಂತಲೇ ಅಂಥವರನ್ನು ಹುಡುಕಿದ್ದೆ. ಅವರ ಕೆಂಪು ಗುರುತುಗಳು ಭಾಷೆಯ ಮೇಲೆ ಕಡಿಮೆ, ತರ್ಕದ ಮೇಲೆ ಜಾಸ್ತಿ. "ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ನಿಮ್ಮ ಕುದುರೆ ಸವಾರ ಪುನರ್ವಸು ಮಳೆಯಲ್ಲಿ ಹೊರಟು ಮಘೆಯಲ್ಲಿ ತಲುಪಿದ್ದಾನೆ. ಒಂದೂವರೆ ತಿಂಗಳು ಕುದುರೆಗೆ ಮೇವು ಹಾಕಿದ್ದು ಯಾರು?" ಎಂದು ಬರೆದಿದ್ದರು. ಅಧ್ಯಾಯಗಳ ನೆತ್ತಿಯ ಮೇಲೆ ನಾನು ರೈತರ ಗಾದೆಗಳನ್ನು ಹಾಕಿದ್ದೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎಂಬಂಥವು. ಅವನ್ನು ಮಾತ್ರ ಮುಟ್ಟಲಿಲ್ಲ. "ಇವು ನಿಮ್ಮದಕ್ಕಿಂತ ಚೆನ್ನಾಗಿವೆ" ಅಂದರು.

ಮುಖಪುಟಕ್ಕೆ ಕಲಾಶಾಲೆಯ ಒಬ್ಬ ವಿದ್ಯಾರ್ಥಿನಿ ಸಿಕ್ಕಳು. ಕಂಪ್ಯೂಟರ್ ತಾನೇ ಬರೆದು ಕೊಡುವ ಚಿತ್ರಗಳು ಪುಕ್ಕಟೆ ಸಿಗುವ ಕಾಲ, ನಿಜ. ಪ್ರಯತ್ನಿಸಿ ನೋಡಿದೆ. ಮಳೆ ಶಾನುಭೋಗ ಅಂದರೆ ಅದು ಗಡ್ಡದ ಮಾಂತ್ರಿಕನನ್ನು ಬರೆಯಿತು, ಕೈಗೆ ದಂಡ ಬೇರೆ. ನನಗೆ ಬೇಕಿದ್ದದ್ದು ಕಿವಿಯಲ್ಲಿ ಲೇಖನಿ ಸಿಕ್ಕಿಸಿಕೊಂಡ, ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಹಾಕಿಕೊಂಡ ಮನುಷ್ಯ. ಹುಡುಗಿಗೆ ಕಂಬಳಿ ಕೊಪ್ಪೆ ಅಂದರೆ ಏನು ಎಂದು ಹೇಳಬೇಕಾಗಲಿಲ್ಲ, ಅವಳ ಅಜ್ಜ ಹಾಕುತ್ತಿದ್ದರಂತೆ. ಒಂದೇ ಷರತ್ತು ಹಾಕಿದ್ದೆ. ಚಿತ್ರವನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿದರೂ ಹೆಸರು ಓದಬರಬೇಕು. ಇ-ಪುಸ್ತಕದ ಅಂಗಡಿಯಲ್ಲಿ ಕಾಣುವುದು ಅಷ್ಟೇ ಗಾತ್ರ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆಯ ಬಗ್ಗೆ ಬಹಳ ಜನ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೇ ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ದುಡ್ಡು ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ. ಇ-ಪುಸ್ತಕಕ್ಕೆ ಒಂದು, ಮುದ್ರಣಕ್ಕೆ ಇನ್ನೊಂದು ಸಂಖ್ಯೆ ಬೇಕು. ಗೂಗಲ್‌ನಲ್ಲಿ ಐಎಸ್‌ಬಿಎನ್ ಇಲ್ಲದಿದ್ದರೂ ನಡೆಯುತ್ತದೆ, ಅವರೇ ತಮ್ಮದೊಂದು ಗುರುತು ಸಂಖ್ಯೆ ಹಾಕಿಕೊಳ್ಳುತ್ತಾರೆ.

ಆಮೇಲೆ ದುಡ್ಡಿನ ಮಾತು. ಬೆಲೆ 99 ರೂಪಾಯಿ ಇಟ್ಟೆ. ಅದರಲ್ಲಿ ಶೇ 70ರವರೆಗೆ ಲೇಖಕನಿಗೆ. ಕಾಗದದಲ್ಲಿ 500 ರೂಪಾಯಿ ಪುಸ್ತಕಕ್ಕೆ ನನಗೆ ಬರುತ್ತಿದ್ದದ್ದು 50. ಈ ಲೆಕ್ಕ ಮಾಡಿದ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ ಎಂದೇ ಹೇಳಬೇಕು. ಆದರೆ ತೆರಿಗೆಯಲ್ಲಿ ಒಂದು ಚೋದ್ಯ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುದ್ರಿತ ರೂಪವೂ ಇರುವ ಇ-ಪುಸ್ತಕಕ್ಕೆ 2018ರಿಂದ ಶೇ 5. ಮುದ್ರಣವೇ ಕಾಣದ ಇ-ಪುಸ್ತಕಕ್ಕೆ ಶೇ 18! ನಾನು ಏರಿಸಿದಾಗ ನಿಯಮ ಹೀಗಿತ್ತು. ಅಚ್ಚು ಹಾಕುವವರು ಸಿಗದ ಪುಸ್ತಕಕ್ಕೇ ಜಾಸ್ತಿ ತೆರಿಗೆ, ಇದನ್ನು ಯಾರು ಯೋಚಿಸಿದರೋ. ಹಾಗೆಯೇ, ಲೇಖಕರ ರಾಯಧನಕ್ಕೆ ಹಳೇ ಆದಾಯ ತೆರಿಗೆ ಪದ್ಧತಿಯಲ್ಲಿ 3 ಲಕ್ಷದವರೆಗೆ ವಿನಾಯಿತಿ ಪಡೆಯಲು ಒಂದು ಸೆಕ್ಷನ್ ಇದೆ. ಲೆಕ್ಕದವನಾದ್ದರಿಂದ ನನಗೆ ಗೊತ್ತು. ಆ 3 ಲಕ್ಷಕ್ಕೂ ನನ್ನ ಖಾತೆಗೂ ಇನ್ನೂ ಪರಿಚಯವಾಗಿಲ್ಲ.

ಪುಸ್ತಕ ಅಂಗಡಿಯಲ್ಲಿ ಕಾಣಿಸಿಕೊಂಡಿತು. ಏನೂ ಆಗಲಿಲ್ಲ. ಬಿಡುಗಡೆ ಸಮಾರಂಭ ಇಲ್ಲ, ಶಾಲು ಇಲ್ಲ, ಅಧ್ಯಕ್ಷರ ಭಾಷಣ ಇಲ್ಲ. ಕೊಂಡವರು ಮೊದಲಿಗೆ ನೆಂಟರು, ಅವರಲ್ಲೂ ಅರ್ಧ ಜನ ಕೊಂಡು ಹೇಗೆ ತೆರೆಯುವುದು ಎಂದು ಫೋನ್ ಮಾಡಿದವರು. ಇದು ಸಣ್ಣ ವಿಷಯ ಅಲ್ಲ. ವಾಟ್ಸಾಪಿನಲ್ಲಿ ದಿನವಿಡೀ ಕನ್ನಡ ಓದುವವರಿಗೂ ಫೋನಿನಲ್ಲಿ ದುಡ್ಡು ಕೊಟ್ಟು ಪುಸ್ತಕ ಓದಬಹುದು ಎಂಬುದು ಹೊಸದು. ನಾನು ಒಂದು ಚಿಕ್ಕ ವಿಡಿಯೋ ಮಾಡಿದೆ. ಆ್ಯಪ್ ಎಲ್ಲಿದೆ, ಪುಸ್ತಕ ಹೇಗೆ ಹುಡುಕುವುದು, ಯುಪಿಐಯಿಂದ ಹೇಗೆ ಕೊಡುವುದು, ಅಕ್ಷರ ಹೇಗೆ ದೊಡ್ಡದು ಮಾಡುವುದು. ಮಾರಾಟಕ್ಕೆ ಸಹಾಯ ಮಾಡಿದ್ದು ಯಾವ ಜಾಹೀರಾತಿಗಿಂತಲೂ ಆ ವಿಡಿಯೋ. ಗೂಗಲ್ ಅಂಗಡಿಯಲ್ಲಿ ಪುಸ್ತಕದ ಐದನೇ ಒಂದು ಭಾಗವನ್ನು ಹೇಗೂ ಪುಕ್ಕಟೆ ಮಾದರಿಯಾಗಿ ತೋರಿಸಲೇಬೇಕು. 450 ಪುಟದ ಪುಸ್ತಕದಲ್ಲಿ ಅದು 90 ಪುಟ ಆಯಿತು. ದಪ್ಪ ಇದ್ದದ್ದಕ್ಕೆ ಮೊದಲ ಸಲ ಲಾಭ! 90 ಪುಟ ಓದಿ ಅಂಬೆ ಕಡತ ತೆರೆಯುವಲ್ಲಿಗೆ ಬಂದವರು ಅಲ್ಲಿಗೇ ಬಿಡುವುದು ಕಷ್ಟ.

ಆಮೇಲೆ ಗೊತ್ತೇ ಇಲ್ಲದ ಕಡೆಗಳಿಂದ ಮಿಂಚಂಚೆ ಬರತೊಡಗಿತು. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಒಬ್ಬರು ರಾತ್ರಿ ಪಾಳಿಯಲ್ಲಿ ಓದುತ್ತಾರೆ, ಅವರಿಗೆ ಅಲ್ಲಿ ಕನ್ನಡ ಪುಸ್ತಕ ಸಿಗುವುದು ಊರಿಂದ ಯಾರಾದರೂ ಬಂದಾಗ ಮಾತ್ರ. ನನ್ನ ಅತ್ತೆಯ ವಯಸ್ಸಿನ ಒಬ್ಬರು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಕ್ಷರ ದೊಡ್ಡದು ಮಾಡಿ ಓದಿದರಂತೆ, ಪರದೆಗೆ ಆರೇಳು ಸಾಲು ಮಾತ್ರ. "ನಿಮ್ಮ ಪುಸ್ತಕ ನನಗೆ ಸಾವಿರಾರು ಪುಟ ಆಯ್ತು" ಅಂದರು. ಗದಗದ ಕಡೆಯ ಒಬ್ಬ ರೈತರದು ಮಾತ್ರ ಜಗಳದ ಪತ್ರ. ನನ್ನ ಕಥೆಯಲ್ಲಿ ರೋಹಿಣಿ ಮನೆತನ ಬಡವರು, ಯಾರೂ ಲೆಕ್ಕಕ್ಕೆ ಇಡದವರು. ಮಲೆನಾಡಿನವನಿಗೆ ರೋಹಿಣಿ ಮಳೆ ಅಂದರೆ ಮುಂದಿನ ಜಡಿಮಳೆಗೆ ಬರೀ ಪೀಠಿಕೆ. "ನಮ್ಮ ಕಡೆ ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ ಅಂತಾರ. ನೀವು ಅವರನ್ನ ಭಿಕ್ಷಕ್ಕ ಹಚ್ಚೀರಿ" ಎಂದು ಬರೆದಿದ್ದರು. ಅದನ್ನು ಓದಿ ಎರಡನೆಯ ಸಂಪುಟದ ದಾರಿಯೇ ಬದಲಾಯಿತು. ಬಯಲುಸೀಮೆಯಲ್ಲಿ ರೋಹಿಣಿಯವರ ದರ್ಬಾರು ಬಂತು. ಓದಿದವರಲ್ಲಿ ಅನೇಕರು ಅದೇ ಒಳ್ಳೆಯ ಭಾಗ ಅನ್ನುತ್ತಾರೆ.

ಕದಿಯುವವರೂ ಓದುಗರೇ. ಒಂದು ಮೆಸೇಜಿಂಗ್ ಆ್ಯಪಿನ ಗುಂಪಿನಲ್ಲಿ ನನ್ನ ಫೈಲು ಪುಕ್ಕಟೆ ಓಡಾಡುತ್ತಿತ್ತು. ನಾನು ಫೈಲಿಗೆ ಬೀಗ ಹಾಕಿರಲಿಲ್ಲ. ಕೊಂಡವರು ತಮಗೆ ಬೇಕಾದ ಸಾಧನಕ್ಕೆ ಹಾಕಿಕೊಳ್ಳಲಿ ಎಂದು ಬೇಕಂತಲೇ ಬಿಟ್ಟಿದ್ದೆ, ಈಗಲೂ ಹಾಗೇ ಬಿಡುತ್ತೇನೆ. ಬೀಗ ಒಡೆಯುವವನಿಗೆ ಅದು ಹತ್ತು ನಿಮಿಷದ ಕೆಲಸ, ತೊಂದರೆ ಆಗುವುದು ದುಡ್ಡು ಕೊಟ್ಟವನಿಗೆ. ಆ ಗುಂಪಿಗೆ ಸೇರಿ ನೋಡಿದೆ. "ಎರಡನೆಯದು ಯಾರಾದ್ರೂ ಹಾಕ್ರಪ್ಪಾ" ಎಂದು ಒಬ್ಬ ಅಂಗಲಾಚುತ್ತಿದ್ದ. ನಾನೇ ಲೇಖಕ, ಇನ್ನೂ ಬರೆಯುತ್ತಿದ್ದೇನೆ ಎಂದು ಉತ್ತರಿಸಿದೆ. ಗುಂಪಿನಿಂದ ತೆಗೆದುಹಾಕಿದರು.

ಸಂಪಾದನೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಸಂಪುಟ ಮೇಷ್ಟ್ರಿಗೂ ಚಿತ್ರ ಬರೆದ ಹುಡುಗಿಗೂ ಕೊಟ್ಟದ್ದನ್ನು ವಾಪಸ್ ತಂದಿತು, ಎರಡನೆಯದು ಬಂದ ಮೇಲೆ. ಸರಣಿ ಅಂದರೆ ಹಾಗೆಯೇ. ಎರಡನೆಯದರ ಸುದ್ದಿ ಕೇಳಿದವರು ಮೊದಲನೆಯದನ್ನು ಕೊಳ್ಳುತ್ತಾರೆ. ಕೆಲಸ ಬಿಡುವಷ್ಟು ಏನೂ ಬರುವುದಿಲ್ಲ, ಬಿಡುವ ಯೋಚನೆಯೂ ಇಲ್ಲ. ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕಗಳಲ್ಲಿ ಸಿಗುವಷ್ಟು ಕಥೆ ಬೇರೆಲ್ಲಿ ಸಿಗುತ್ತದೆ?

ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ವ್ಯವಸ್ಥೆಯಲ್ಲಿ ಒಂದಷ್ಟು ಕಾಗದದ ಪ್ರತಿಗಳನ್ನೂ ಮಾಡಿಸಿದ್ದೇನೆ. ಕೇಳುವವರಿದ್ದರು, ಆ ಶೇ 18ರ ಸಿಟ್ಟೂ ಇತ್ತು. ಒಂದು ಪ್ರತಿಯನ್ನು ಕ್ಯಾಲ್ಕುಲೇಟರ್ ತೆಗೆದಿದ್ದ ಆ ಹಿರಿಯ ಪ್ರಕಾಶಕರಿಗೆ ಕೊಟ್ಟೆ. ಕೈಯಲ್ಲಿ ತೂಗಿ ನೋಡಿ, "ಇಷ್ಟು ದಪ್ಪನಾ? ನಾನು ಹೇಳಿದ್ದು ಸರಿಯೇ ಇತ್ತು" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಮೂರನೆಯ ಸಂಪುಟ ಈಗ ಮೇಷ್ಟ್ರ ಹತ್ತಿರ ಇದೆ, 600 ಪುಟ ದಾಟಿದೆ. ಪುಟದ ಬಗ್ಗೆ ಅವರು ಏನೂ ಅನ್ನಲಿಲ್ಲ. ಸ್ವಾತಿ ಮನೆತನದ ಸಾಲಪತ್ರದಲ್ಲಿ ಬಡ್ಡಿ ಲೆಕ್ಕ ತಪ್ಪಿದೆ ಎಂದು ಕೆಂಪಿನಲ್ಲಿ ಗುರುತು ಹಾಕಿ ಕಳಿಸಿದ್ದಾರೆ, ಪಕ್ಕದಲ್ಲಿ "ನೀವು ಲೆಕ್ಕದವರು, ನಾಚಿಕೆಯಾಗಬೇಕು" ಎಂದೂ ಇದೆ. ಆ ತಪ್ಪು ಬೇಕಂತಲೇ ಇಟ್ಟದ್ದು. ಇಡೀ ಕಥೆಯ ಮೋಸ ಇರುವುದೇ ಆ ಬಡ್ಡಿಯಲ್ಲಿ, ಅಂಬೆ ಅದನ್ನು ಹಿಡಿಯುವುದು ಕೊನೆಯ ಅಧ್ಯಾಯದಲ್ಲಿ. ಮೇಷ್ಟ್ರು ಇನ್ನೂ ಅರ್ಧದಲ್ಲಿದ್ದಾರೆ. ಫೋನ್ ಮಾಡಿ ಹೇಳಿಬಿಡಲಾ, ಸುಮ್ನೆ ಇರಲಾ ಎಂದು ಯೋಚಿಸುತ್ತಿದ್ದೇನೆ.